ಸಂತ ಕತ್ಬರ್ಟರ ಚಿನ್ನದ ಶಿಲುಬೆ

ಆಂಗ್ಲೋ-ಸ್ಯಾಕ್ಸನ್ ಜನರ ಒಡವೆಗಳ ಮಾತು ಬಂದಾಗ ವಿದ್ವಾಂಸರು ಅರಸರ ಸಮಾಧಿಗಳನ್ನು ನೆನೆಯುತ್ತಾರೆ. ನಾವಾದರೋ ಉಪವಾಸ, ಜಾಗರಣೆಗಳಲ್ಲಿ ಬಾಳು ಸವೆಸಿದ ವಿರಕ್ತರೊಬ್ಬರನ್ನು ಸ್ಮರಿಸಬಯಸುತ್ತೇವೆ. ಆ ಕಾಲದ ಅತಿ ಸುಂದರ ಆಭರಣಗಳಲ್ಲೊಂದು ದೊರೆತದ್ದು ಅವರ ಎದೆಯ ಮೇಲೆ.

ಸಂತ ಕತ್ಬರ್ಟರು ಕ್ರಿ.ಶ. 634ರ ಸುಮಾರಿಗೆ ನಾರ್ತಂಬ್ರಿಯ ರಾಜ್ಯದಲ್ಲಿ ಜನಿಸಿದರು. 651ರಲ್ಲಿ, ಕುರಿ ಕಾಯುತ್ತಿದ್ದ ಒಂದು ರಾತ್ರಿ, ಸಂತ ಐಡನ್ನರ ಆತ್ಮವನ್ನು ದೇವದೂತರು ಪರಲೋಕಕ್ಕೆ ಒಯ್ಯುವ ದರ್ಶನ ಕಂಡು ಮೆಲ್ರೋಸ್ ಮಠವನ್ನು ಸೇರಿದರೆಂದು ಅವರ ಚರಿತ್ರೆ ಬರೆದ ಸಂತ ಬೀಡರು ತಿಳಿಸುತ್ತಾರೆ. ಮಹಾಮಾರಿ ಹಬ್ಬಿದಾಗ ವಿಶ್ವಾಸಕ್ಕೆ ಹೊಸಬರಾಗಿದ್ದ ಜನ ತಾಯಿತ, ಮಂತ್ರಗಳ ಮೊರೆಹೊಕ್ಕರು. ಇತರ ಬೋಧಕರು ಹೋಗಲು ಅಂಜುತ್ತಿದ್ದ ಬೆಟ್ಟದ ಹಳ್ಳಿಗಳಿಗೆ ಕತ್ಬರ್ಟರು ಹೆಚ್ಚಾಗಿ ಕಾಲ್ನಡಿಗೆಯಲ್ಲೇ ಹೋಗಿ, ವಾರಗಟ್ಟಲೆ ಅಲ್ಲೇ ತಂಗಿ, ಅವರನ್ನು ಹಿಂದಕ್ಕೆ ಕರೆತಂದರು. ತಾಯಿತ ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ ಗುರುಗಳೆಲ್ಲರೂ ಬಲ್ಲರು.

ಮುಂದೆ ಲಿಂಡಿಸ್‌ಫಾರ್ನ್ ಮಠದ ಹಿರಿಯರಾಗಿ, 676ರಲ್ಲಿ ಫಾರ್ನ್ ದ್ವೀಪದ ಏಕಾಂತಕ್ಕೆ ತೆರಳಿದರು. ಆಕಾಶವೊಂದೇ ಕಾಣುವಂತೆ ಗುಡಿಸಲ ಸುತ್ತ ಎತ್ತರದ ಗೋಡೆ ಕಟ್ಟಿ, ಬಾರ್ಲಿ ಬಿತ್ತಿ ಉಂಡರು. ಅರಸ ಎಕ್‌ಫ್ರಿತ್ ತಾನೇ ದೋಣಿಯೇರಿ ಬಂದು ಬೇಡಿಕೊಂಡ ಮೇಲಷ್ಟೇ, ಕಣ್ಣೀರಿನೊಡನೆ ಒಪ್ಪಿ, 685ರ ಪಾಸ್ಕ ಹಬ್ಬದಂದು ಧರ್ಮಾಧ್ಯಕ್ಷ ದೀಕ್ಷೆಯನ್ನು ಪಡೆದರು. ಎರಡು ವರ್ಷ ತುಂಬುವ ಮೊದಲೇ ದ್ವೀಪಕ್ಕೆ ಮರಳಿ, 687ರ ಮಾರ್ಚ್ 20ರಂದು ಪ್ರಭುವಿನಲ್ಲಿ ನಿದ್ರೆಹೋದರು.

ಇಂತಹವರಿಗೆ ಚಿನ್ನದ ಶಿಲುಬೆಯೇಕೆ ಎಂದು ಕೆಲವರು ಕೇಳಬಹುದು. ಅದು ಸುಮಾರು 6 ಸೆಂಟಿಮೀಟರ್ ಅಗಲದ ಪುಟ್ಟ ವಸ್ತು. ತೆಳುವಾದ ಚಿನ್ನದ ಗೋಡೆಗಳಿಂದ ಸಣ್ಣ ಸಣ್ಣ ಮನೆಗಳನ್ನು ಕಟ್ಟಿ, ಅವುಗಳಿಗೆ ಹೊಂದುವಂತೆ ಕೊಯ್ದ ಕೆಂಪು ಗಾರ್ನೆಟ್ ಹರಳುಗಳನ್ನು ಕೂರಿಸಿದ್ದಾರೆ. ಯೋಧರ ಖಡ್ಗಗಳನ್ನೂ ನಡುಪಟ್ಟಿಗಳನ್ನೂ ಸಿಂಗರಿಸುತ್ತಿದ್ದ ಕಲೆಯೇ ಇದು. ಆ ಯುಗದ ಯೂರೋಪಿನ ಅಕ್ಕಸಾಲಿಗರು ಬಳಸಿದ ಗಾರ್ನೆಟ್ಟುಗಳಲ್ಲಿ ಹಲವು ನಮ್ಮ ಭಾರತದಿಂದ ಹೋದವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಶಿಲುಬೆ ಮುರಿದು, ಹಿಂದಿನ ಕಾಲದಲ್ಲೇ ದುರಸ್ತಿಯಾಗಿದೆ. ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ ಒಡವೆ ಹಾಗೆ ಮುರಿಯದು. ಇದು ದಿನದಿನವೂ ಧರಿಸಿದ ಶಿಲುಬೆಯೆಂದೇ ನಾವು ಭಾವಿಸುತ್ತೇವೆ.

698ರಲ್ಲಿ ಸಮಾಧಿಯನ್ನು ತೆರೆದಾಗ ಶರೀರವು ಕೆಡದೆ ಇದ್ದಿತೆಂದು ಬೀಡರು ಬರೆದಿದ್ದಾರೆ. ವೈಕಿಂಗರ ಹಾವಳಿಗೆ ಹೆದರಿ 875ರಲ್ಲಿ ಸನ್ಯಾಸಿಗಳು ಶವಪೆಟ್ಟಿಗೆಯನ್ನು ಹೊತ್ತು ಹೊರಟರು. ಅದು 995ರಲ್ಲಿ ಡರ್ಹಾಮ್ ಸೇರಿತು. ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿಯ ಅಧಿಕಾರಿಗಳು ಅಲ್ಲಿನ ಪುಣ್ಯಸಮಾಧಿಯನ್ನು ಕೆಡವಿ ಬೆಲೆಬಾಳುವುದನ್ನೆಲ್ಲ ದೋಚಿದರು. ಸಂತರ ವಸ್ತ್ರಗಳ ಮಡಿಕೆಯಲ್ಲಿ ಅಡಗಿದ್ದ ಈ ಶಿಲುಬೆ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. 1827ರಲ್ಲಿ ಸಮಾಧಿಯನ್ನು ಮತ್ತೆ ತೆರೆದಾಗ ಅದು ಹೊರಬಂತು. ಇಂದು ಆಂಗ್ಲಿಕನ್ ಸಭೆಯ ವಶದಲ್ಲಿರುವ ಡರ್ಹಾಮ್ ಮಹಾದೇವಾಲಯವು ಅದನ್ನು ಕಾಪಾಡಿಕೊಂಡಿದೆ.