ಆಲ್‌ಜೀಬ್ರಾದ ಹಿಂದಿನ ವಿದ್ವಾಂಸ

ಆಲ್‌ಜೀಬ್ರಾ ಕಷ್ಟವೆಂದು ನಿಮ್ಮ ಮಕ್ಕಳು ದೂರುವುದನ್ನು ನೀವು ಕೇಳಿರಬಹುದು. ಆ ಪದ ಅರಬಿ ಭಾಷೆಯಿಂದ ಬಂದುದೆಂದು ಅವರಿಗೆ ತಿಳಿಸಿದ್ದೀರಾ? ರಸಾಯನ ಶಾಸ್ತ್ರದ ಆಲ್ಕಲಿ ಎಂಬ ಪದವು ಗಿಡದ ಬೂದಿಯನ್ನು ಸೂಚಿಸುವ ಅಲ್ ಕಲೀ ಎಂಬುದರಿಂದ ಬಂದಿದೆ. ಆಲ್ಕೋಹಾಲ್ ಎಂಬ ಪದದ ಮೂಲ, ಸುರ್ಮಾಕ್ಕಿರುವ ಅಲ್ ಕುಹ್ಲ್ ಎಂಬ ಹೆಸರು. ಆದರೆ ತನ್ನ ಗ್ರಂಥದಿಂದ ಒಂದು ಪದವನ್ನೂ ತನ್ನ ಹೆಸರಿನಿಂದಲೇ ಇನ್ನೊಂದನ್ನೂ ಜಗತ್ತಿಗೆ ಕೊಟ್ಟವರು ಅಪರೂಪ.

ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ ಅಂಥವರು. ಕ್ರಿ.ಶ. 780ರ ಸುಮಾರಿಗೆ ಜನಿಸಿದ ಅವರ ಹೆಸರು ಅರಲ್ ಸಮುದ್ರದ ದಕ್ಷಿಣದ ಖ್ವಾರಿಝ್ಮ್ ಪ್ರದೇಶವನ್ನು ಸೂಚಿಸುತ್ತದೆ. 813ರಿಂದ 833ರ ವರೆಗೆ ಆಳಿದ ಖಲೀಫಾ ಮಅಮೂನ್‌ರ ಕಾಲದಲ್ಲಿ ಅವರು ಬಗ್ದಾದಿನ ಬೈತುಲ್ ಹಿಕ್ಮಾದಲ್ಲಿ ದುಡಿದರು. ಖಗೋಳ ಗಣನೆಯ ಕೋಷ್ಟಕಗಳನ್ನು ರಚಿಸಿದರು. 2400ಕ್ಕೂ ಹೆಚ್ಚು ಸ್ಥಳಗಳ ಅಕ್ಷಾಂಶ, ರೇಖಾಂಶಗಳನ್ನು ಬರೆದಿಟ್ಟರು.

ಅವರ ಪ್ರಸಿದ್ಧ ಗ್ರಂಥದ ಹೆಸರಿನಲ್ಲಿರುವ ಅಲ್ ಜಬ್ರ್ ಎಂದರೆ ಮುರಿದುದನ್ನು ಸರಿಪಡಿಸಿ ಕೂಡಿಸುವುದು. ಮುರಿದ ಎಲುಬನ್ನು ಕೂಡಿಸುವುದಕ್ಕೂ ಅರಬಿಯಲ್ಲಿ ಇದೇ ಪದ. ಸಮೀಕರಣದ ಒಂದು ಬದಿಯಲ್ಲಿ ಕಳೆದಿರುವ ಅಂಶವನ್ನು ಎರಡೂ ಬದಿಗೆ ಕೂಡಿಸಿ ಕೊರತೆ ನೀಗಿಸುವುದನ್ನು ಅವರು ಹಾಗೆಂದು ಕರೆದರು. ಇಂದಿನ ಚಿಹ್ನೆಗಳು ಆಗ ಇರಲಿಲ್ಲ; ಎಲ್ಲವನ್ನೂ ಮಾತುಗಳಲ್ಲೇ ವಿವರಿಸಿದರು.

ಈ ಗ್ರಂಥ ಯಾರಿಗಾಗಿ? ವ್ಯಾಪಾರ, ಜಮೀನಿನ ಅಳತೆ, ವಾರಸು ಹಕ್ಕಿನ ಹಂಚಿಕೆಗಳಲ್ಲಿ ಜನರಿಗೆ ನೆರವಾಗಲೆಂದು ಅವರು ಬರೆದರು. ಅದರ ದೊಡ್ಡ ಭಾಗವೊಂದು ವಸಿಯ್ಯತ್ ಮತ್ತು ವಾರಸಿನ ಲೆಕ್ಕಗಳಿಗೇ ಮೀಸಲು. ಒಬ್ಬಾತ ಪತ್ನಿ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡನೆನ್ನಿ. ಸಾಲ ಮತ್ತು ವಸಿಯ್ಯತ್ ತೀರಿಸಿ ಉಳಿದುದನ್ನು 24 ಪಾಲು ಮಾಡಿದರೆ ಪತ್ನಿಗೆ 3, ಮಗನಿಗೆ 14, ಮಗಳಿಗೆ 7. ಕುರ್‌ಆನ್ ನಿಶ್ಚಯಿಸಿದ ಹಕ್ಕನ್ನು ಹಕ್ಕುದಾರರಿಗೆ ಮುಟ್ಟಿಸಲು ಲೆಕ್ಕ ಬೇಕು.

850ರ ಸುಮಾರಿಗೆ ಅವರು ನಿಧನರಾದರು. 1145ರಲ್ಲಿ ಗ್ರಂಥವು ಲ್ಯಾಟಿನ್‌ಗೆ ಅನುವಾದಗೊಂಡಿತು. ಭಾರತೀಯ ಅಂಕಿಗಳ ಕುರಿತ ಅವರ ಇನ್ನೊಂದು ಕೃತಿಯ ಲ್ಯಾಟಿನ್ ರೂಪದಲ್ಲಿ ಅವರ ಹೆಸರು ಅಲ್ಗೊರಿತ್ಮಿ ಎಂದಾಯಿತು. ಕಂಪ್ಯೂಟರ್ ನಡೆಸುವ ಅಲ್ಗಾರಿದಮ್‌ಗೆ ಅದೇ ಮೂಲ. ಸಂಸ್ಕೃತದ ಶೂನ್ಯವನ್ನು ಅರಬರು ಸಿಫ್ರ್ ಎಂದರು. ಅದರಿಂದಲೇ ಝೀರೋ ಎಂಬ ಪದ ಹುಟ್ಟಿತು.

ಓದುಗರೇ, ಈ ಹೆಸರುಗಳನ್ನು ಹೇಳಿ ಹೆಮ್ಮೆಪಟ್ಟರೆ ಸಾಕೇ? ತಂದೆಯ ಆಸ್ತಿಯಲ್ಲಿ ಸಹೋದರಿಯ ಪಾಲನ್ನು ನುಂಗಿ, ಮದುವೆಗೆ ಖರ್ಚು ಮಾಡಿದೆವಲ್ಲ ಎನ್ನುವವರು ನಮ್ಮಲ್ಲಿಲ್ಲವೇ? ನಿಮ್ಮ ಮಗಳಿಗೆ ಗಣಿತ ಕಲಿಸಿರಿ. ಅವಳ ಪಾಲು ಎಷ್ಟೆಂದು ಅವಳೇ ಲೆಕ್ಕ ಹಾಕಲಿ. ಬಳಿಕ ಅದನ್ನು ಅವಳ ಕೈಗೆ ಕೊಡಿರಿ.