ಚೆಲುವ ಹುಡುಗರ ಚಿತ್ರಕಾರ: ತಕಬತಾಕೆ ಕಶೋ

ಅನಿಮೆ ನೋಡೋರಿಗೆಲ್ಲ ಆ ಮುಖ ಗೊತ್ತು. ಉದ್ದ ರೆಪ್ಪೆ, ಸಣ್ಣ ಗಲ್ಲ, ಹುಡುಗನೋ ಹುಡುಗಿಯೋ ಅಂತ ಒಂದು ಕ್ಷಣ ಅನುಮಾನ ಬರಿಸೋ ಚೆಲುವು. ಜಪಾನಿನಲ್ಲಿ ಇಂಥ ಹುಡುಗನಿಗೆ ಬಿಷೋನೆನ್ ಅಂತಾರೆ. ಸುಮಾರು ನೂರು ವರ್ಷದ ಹಿಂದೆಯೇ ಪತ್ರಿಕೆಗಳ ಮೂಲಕ ಈ ಮುಖವನ್ನು ಮನೆಮನೆಗೆ ತಲುಪಿಸಿದವರು ತಕಬತಾಕೆ ಕಶೋ.

ಅವರು ಹುಟ್ಟಿದ್ದು 1888ರಲ್ಲಿ, ಶಿಕೋಕು ದ್ವೀಪದ ಉವಾಜಿಮಾ ಊರಿನಲ್ಲಿ. ನಿಜ ಹೆಸರು ಕೋಕಿಚಿ. ನಮ್ಮ ಸಂತೆಮರಹಳ್ಳಿ ಕಡೆಯ ಹುಡುಗರು ಓದೋಕೆ ಮೈಸೂರಿಗೆ ಹೋಗೋ ಹಾಗೆ, ಅವರು ಚಿತ್ರ ಕಲಿಯೋಕೆ ಕ್ಯೋಟೋಗೆ ಹೋದರು. ಮೊದಲು ಜಪಾನಿ ಶೈಲಿ, ಆಮೇಲೆ ಪಾಶ್ಚಾತ್ಯ ಶೈಲಿ, ಎರಡನ್ನೂ ಕಲಿತರು. 1911ರಲ್ಲಿ ಚೂಜೋತೋ ಎಂಬ ಹೆಂಗಸರ ಗಿಡಮೂಲಿಕೆ ಔಷಧಿಯ ಜಾಹೀರಾತಿಗೆ ಬಿಡಿಸಿದ ಚಿತ್ರ ಅವರಿಗೆ ಹೆಸರು ತಂದುಕೊಟ್ಟಿತು. ಅಲ್ಲಿಂದ ಪತ್ರಿಕೆಗಳ ಕೆಲಸ ಶುರು.

ಕಶೋ ಬಿಡಿಸಿದ ಹುಡುಗರು ಕುದುರೆ ಏರುತ್ತಾರೆ, ಕತ್ತಿ ಹಿಡಿಯುತ್ತಾರೆ. ಆದರೆ ಮುಖ ಮಾತ್ರ ಮೃದು. ಕಣ್ಣಿನ ಕಪ್ಪು ಗುಡ್ಡೆ ಮೇಲಕ್ಕೆ ಸರಿದು, ಕೆಳಗೆ ಬಿಳಿ ಕಾಣುತ್ತೆ. ಅದರಿಂದ ನೋಟಕ್ಕೆ ಕನಸಿನ ಥರ ಒಂದು ನೋವು ಬರುತ್ತೆ. ಹುಡುಗರ ಪತ್ರಿಕೆಗೂ ಹುಡುಗಿಯರ ಪತ್ರಿಕೆಗೂ ಅವರೇ ಬಿಡಿಸುತ್ತಿದ್ದರು, ಇಬ್ಬರೂ ಅವರ ಫ್ಯಾನ್‌ಗಳಾದರು. ಅವರ ಚಿತ್ರವಿದ್ದ ಪತ್ರದ ಹಾಳೆಗಳು ಕೂಡ ಅಂಗಡಿಗಳಲ್ಲಿ ಮಾರಾಟವಾದವು.

1924ರಲ್ಲಿ ಸಂಭಾವನೆ ವಿಷಯದಲ್ಲಿ ಕೊಡಾನ್ಶಾ ಪ್ರಕಾಶನದ ಜೊತೆ ಜಗಳವಾಯಿತು. ಕಶೋ ಬಗ್ಗಲಿಲ್ಲ. ಅವರ ಪತ್ರಿಕೆ ಶೋನೆನ್ ಕುರಾಬು ಬಿಟ್ಟು, ಎದುರಾಳಿ ನಿಹೋನ್ ಶೋನೆನ್‌ಗೆ ಹೋದರು. ಓದುಗರೂ ಅವರ ಹಿಂದೆಯೇ ಹೋದರು! ಶೋನೆನ್ ಕುರಾಬು ಪೆಟ್ಟು ತಿಂದು, ಚಿತ್ರದ ಬದಲು ಒಳ್ಳೆ ಕಾದಂಬರಿಗಳನ್ನು ನಂಬಿಕೊಂಡು ಮತ್ತೆ ಎದ್ದು ನಿಲ್ಲಬೇಕಾಯಿತು. ಕಥೆಗೆ ಚಿತ್ರ ಬರೀ ಅಲಂಕಾರ ಅಂದುಕೊಂಡವರಿಗೆ ಅದೇ ಉತ್ತರ.

1930ರ ದಶಕದಲ್ಲಿ ಗಾಳಿ ಬದಲಾಯಿತು. ದೇಶ ಯುದ್ಧದ ಕಡೆ ಹೊರಟಿತ್ತು, ಅದಕ್ಕೆ ಗಟ್ಟಿಮುಟ್ಟು ಸೈನಿಕರು ಬೇಕಿತ್ತು, ಕನಸುಗಣ್ಣಿನ ಹುಡುಗರಲ್ಲ. ಕೆಲಸ ಕಡಿಮೆಯಾಯಿತು. ಯುದ್ಧ ಮುಗಿದ ಮೇಲೆ ಜನ ಅವರನ್ನು ಮರೆತೇಬಿಟ್ಟರು. ಕೊನೆಗೆ ಆಕಾಶಿ ಊರಿನ ಒಂದು ವೃದ್ಧಾಶ್ರಮ ಸೇರಿದರು.

ಅಲ್ಲಿಗೆ ಅವರನ್ನು ಹುಡುಕಿಕೊಂಡು ಬಂದವರು ಕಾನೋ ತಾಕುಮಿ ಎಂಬ ವಕೀಲರು. ಚಿಕ್ಕವರಿದ್ದಾಗ ನಿಹೋನ್ ಶೋನೆನ್‌ನಲ್ಲಿ ನೋಡಿದ, ಹುಟ್ಟೂರಿಗೆ ವಿದಾಯ ಹೇಳುವ ಕಶೋ ಚಿತ್ರವೊಂದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಮುದುಕರಾಗಿದ್ದ ಕಲಾವಿದನಿಗೆ ಆಸರೆಯಾಗಿ ನಿಂತರು, ಪ್ರದರ್ಶನ ಏರ್ಪಡಿಸಿದರು. 1966ರಲ್ಲಿ ಕಶೋ ತೀರಿಕೊಂಡರು. 1984ರಲ್ಲಿ ಕಾನೋ ಟೋಕಿಯೋದಲ್ಲಿ ಯಾಯೋಯಿ ಮ್ಯೂಸಿಯಂ ತೆರೆದರು.

ಯಾಯೋಯಿ ಅನ್ನೋದು ಆ ಬಡಾವಣೆಯ ಹೆಸರು. ಯಾವೋಯಿ ಅನ್ನೋದು ಬೇರೆ: ಹುಡುಗ ಹುಡುಗನನ್ನು ಪ್ರೀತಿಸುವ ಮಂಗಾ, ಹೆಚ್ಚಾಗಿ ಹೆಣ್ಣುಮಕ್ಕಳೇ ಬರೆದು ಹೆಣ್ಣುಮಕ್ಕಳೇ ಓದುವಂಥದ್ದು. ಹೆಸರುಗಳಿಗೆ ನಂಟಿಲ್ಲ, ಚಿತ್ರಗಳಿಗೆ ಇದೆ. 1970ರ ದಶಕದಲ್ಲಿ ಹಾಗಿಯೋ ಮೋಟೊ, ತಾಕೆಮಿಯಾ ಕೇಕೊ ಅವರಂಥ ಲೇಖಕಿಯರು ಚೆಲುವ ಹುಡುಗರ ಪ್ರೇಮಕಥೆಗಳನ್ನು ಬರೆದರು, 1978ರಲ್ಲಿ ಜೂನೆ ಎಂಬ ಪತ್ರಿಕೆಯೇ ಬಂತು. ಹುಡುಗಿಯರು ಚೆಲುವ ಹುಡುಗನನ್ನು ಕಣ್ತುಂಬ ನೋಡಬಹುದು ಅನ್ನೋ ಅವಕಾಶ ಕಶೋ ಚಿತ್ರಗಳಲ್ಲೇ ಇತ್ತು. ಅದಕ್ಕೇ ಸಂಶೋಧಕರು ಈ ವಂಶಾವಳಿಯನ್ನು ಅವರವರೆಗೂ ಒಯ್ಯುತ್ತಾರೆ.

ಚಂದಮಾಮದಲ್ಲಿ ಬೇತಾಳನನ್ನು ಹೊತ್ತು ನಡೆಯುವ ವಿಕ್ರಮನ ಚಿತ್ರ ನಮ್ಮ ಅಪ್ಪ ಅಮ್ಮನಿಗೆಲ್ಲ ನೆನಪಿದೆ. ಬಿಡಿಸಿದವರು ಶಂಕರ್ ಅಂತ ಎಷ್ಟು ಜನಕ್ಕೆ ಗೊತ್ತು? ಕೇಳಿ ನೋಡಿ.