ಜಾನ್ ಲಾಯ್ಡ್ ಸ್ಟೀಫನ್ಸ್

ಜಾನ್ ಲಾಯ್ಡ್ ಸ್ಟೀಫನ್ಸ್ (ನವೆಂಬರ್ 28, 1805 – ಅಕ್ಟೋಬರ್ 13, 1852) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರವಾಸಿ, ಲೇಖಕ, ವಕೀಲ ಹಾಗೂ ರಾಜತಾಂತ್ರಿಕ. ಇಂಗ್ಲಿಷ್ ಚಿತ್ರಕಾರ ಹಾಗೂ ವಾಸ್ತುಶಿಲ್ಪಿ ಫ್ರೆಡರಿಕ್ ಕ್ಯಾಥರ್‌ವುಡ್ ಅವರೊಂದಿಗೆ ಮಧ್ಯ ಅಮೆರಿಕ ಮತ್ತು ಯುಕಟಾನ್ ಪ್ರದೇಶಗಳಲ್ಲಿ ಸಂಚರಿಸಿ, ಪ್ರಾಚೀನ ಮಾಯಾ ನಗರಗಳ ಅವಶೇಷಗಳನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಇವರು ಪ್ರಮುಖರು. ಈ ನಗರಗಳನ್ನು ಕಟ್ಟಿದವರು ಬೇರೆ ಖಂಡದಿಂದ ಬಂದವರಲ್ಲ, ಆ ನೆಲದ ಮೂಲನಿವಾಸಿಗಳ ಪೂರ್ವಜರೇ ಎಂದು ಇವರು ಪ್ರತಿಪಾದಿಸಿದರು.

ಆರಂಭಿಕ ಜೀವನ

ಸ್ಟೀಫನ್ಸ್ ನ್ಯೂಜೆರ್ಸಿಯ ಶ್ರೂಸ್‌ಬರಿಯಲ್ಲಿ ಜನಿಸಿದರು. ತಂದೆ ಬೆಂಜಮಿನ್ ಸ್ಟೀಫನ್ಸ್ ವ್ಯಾಪಾರಿ. ತಾಯಿ ಕ್ಲೆಮೆನ್ಸ್ ಲಾಯ್ಡ್. ಮಗು ಚಿಕ್ಕದಿರುವಾಗಲೇ ಕುಟುಂಬವು ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿತು. 1822ರಲ್ಲಿ ಕೊಲಂಬಿಯಾ ಕಾಲೇಜಿನಿಂದ ಪದವಿ ಪಡೆದ ಸ್ಟೀಫನ್ಸ್, ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಕಾನೂನು ಶಾಲೆಯಲ್ಲಿ ವ್ಯಾಸಂಗ ಮಾಡಿ ನ್ಯೂಯಾರ್ಕ್‌ನಲ್ಲಿ ವಕೀಲಿ ವೃತ್ತಿ ಕೈಗೊಂಡರು. ಇವರು ಅವಿವಾಹಿತರಾಗಿಯೇ ಉಳಿದರು.

ಪೂರ್ವ ದೇಶಗಳ ಪ್ರವಾಸ

ಆರೋಗ್ಯ ಸುಧಾರಣೆಗಾಗಿ 1834ರಲ್ಲಿ ಯುರೋಪಿಗೆ ತೆರಳಿದ ಸ್ಟೀಫನ್ಸ್ ಗ್ರೀಸ್, ಟರ್ಕಿ, ರಷ್ಯಾ ಮತ್ತು ಪೋಲೆಂಡ್‌ಗಳಲ್ಲಿ ಸಂಚರಿಸಿದರು. ಮುಂದೆ ಈಜಿಪ್ಟ್‌ನ ಪ್ರಾಚೀನ ಸ್ಮಾರಕಗಳನ್ನೂ, 1836ರಲ್ಲಿ ಬಂಡೆಯಲ್ಲಿ ಕೊರೆದ ಪೆಟ್ರಾ ನಗರವನ್ನೂ ಕಂಡರು. ಈ ಪ್ರವಾಸಗಳನ್ನು ಕುರಿತ ಇವರ ಪುಸ್ತಕಗಳು 1837 ಮತ್ತು 1838ರಲ್ಲಿ ಪ್ರಕಟವಾಗಿ ಅಪಾರ ಜನಪ್ರಿಯತೆ ಗಳಿಸಿದವು. ಪ್ರಾಚೀನ ಈಜಿಪ್ಟ್‌ನ ಕಟ್ಟಡಗಳನ್ನು ಕಣ್ಣಾರೆ ಕಂಡಿದ್ದುದು, ಮುಂದೆ ಮಾಯಾ ಅವಶೇಷಗಳನ್ನು ಹೋಲಿಸಿ ನೋಡಲು ಇವರಿಗೆ ನೆರವಾಯಿತು.

ಮಧ್ಯ ಅಮೆರಿಕಕ್ಕೆ ನೇಮಕ

1839ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರು ಸ್ಟೀಫನ್ಸ್ ಅವರನ್ನು ಮಧ್ಯ ಅಮೆರಿಕದ ಒಕ್ಕೂಟ ಗಣರಾಜ್ಯಕ್ಕೆ ವಿಶೇಷ ಪ್ರತಿನಿಧಿಯಾಗಿ ನೇಮಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯಾಥರ್‌ವುಡ್ ಅವರೊಂದಿಗೆ ಇವರು ಹಡಗೇರಿ ಬೆಲೀಜ್ ತಲುಪಿದರು. ಆ ವೇಳೆಗೆ ಒಕ್ಕೂಟವು ಅಂತರ್ಯುದ್ಧದಿಂದ ಒಡೆದುಹೋಗುತ್ತಿತ್ತು. ಗ್ವಾಟೆಮಾಲಾದಲ್ಲಿ ರಫಾಯೆಲ್ ಕರೆರಾ ಅವರನ್ನೂ, ನಂತರ ಅವರ ಎದುರಾಳಿ ಫ್ರಾನ್ಸಿಸ್ಕೊ ಮೊರಾಸಾನ್ ಅವರನ್ನೂ ಸ್ಟೀಫನ್ಸ್ ಭೇಟಿಯಾದರು. ಆದರೆ ಅಧಿಕಾರಪತ್ರವನ್ನು ಸಲ್ಲಿಸಬಹುದಾದ ಸ್ಥಿರ ಸರ್ಕಾರವೇ ಅಲ್ಲಿರಲಿಲ್ಲವಾದ್ದರಿಂದ ರಾಜತಾಂತ್ರಿಕ ಕಾರ್ಯವು ಫಲಿಸಲಿಲ್ಲ.

ಕೋಪಾನ್

1839ರ ನವೆಂಬರ್‌ನಲ್ಲಿ ಇಬ್ಬರೂ ಇಂದಿನ ಹೊಂಡುರಾಸ್‌ನಲ್ಲಿರುವ ಕೋಪಾನ್ ತಲುಪಿದರು. ಈ ನೆಲೆಯು ಸ್ಥಳೀಯರಿಗೆ ತಿಳಿದೇ ಇತ್ತು. ಹುವಾನ್ ಗಲಿಂಡೊ 1834ರಲ್ಲಿಯೇ ಇದನ್ನು ಪರಿಶೀಲಿಸಿ ವರದಿ ಬರೆದಿದ್ದರು. ಹೀಗಾಗಿ ಸ್ಟೀಫನ್ಸ್ ಅವರನ್ನು ಈ ನಗರದ ಶೋಧಕರೆನ್ನುವುದು ಸರಿಯಲ್ಲ. ನಿಖರವಾದ ಚಿತ್ರಗಳೊಂದಿಗೆ ಅದನ್ನು ವ್ಯಾಪಕವಾಗಿ ಪ್ರಚುರಪಡಿಸಿದುದು ಇವರ ಕೊಡುಗೆ.

ದಟ್ಟ ಕಾಡು ನಗರವನ್ನು ಸಂಪೂರ್ಣವಾಗಿ ಆವರಿಸಿತ್ತು. ಸ್ಥಳೀಯ ಕೆಲಸಗಾರರು ಮಚ್ಚುಗಳಿಂದ ಪೊದೆಗಳನ್ನು ಸವರಿ, ಕಲ್ಲುಗಳ ಮೇಲೆ ಬೆಳಕು ಬೀಳುವಂತೆ ಮರಗಳನ್ನು ಕಡಿದರು. ಎತ್ತರದ ಶಿಲಾಸ್ತಂಭಗಳ ಮೇಲೆ ಉಬ್ಬುಕೆತ್ತನೆಯ ಮಾನವಾಕೃತಿಗಳೂ, ಪಕ್ಕಗಳಲ್ಲಿ ಚಿತ್ರಲಿಪಿಯ ಸಾಲುಗಳೂ ಇದ್ದವು. ಯುರೋಪಿನ ಕಲೆಗಿಂತ ತೀರ ಭಿನ್ನವಾಗಿದ್ದ ಈ ರೂಪಗಳನ್ನು ಚಿತ್ರಿಸುವುದು ಕ್ಯಾಥರ್‌ವುಡ್ ಅವರಿಗೆ ಮೊದಮೊದಲು ಕಷ್ಟವಾಯಿತು. ಕ್ಯಾಮೆರಾ ಲುಸಿಡಾ ಎಂಬ ದೃಗುಪಕರಣದ ಸಹಾಯದಿಂದ ಅವರು ಕ್ರಮೇಣ ನಿಖರತೆ ಸಾಧಿಸಿದರು.

ಕೆಲಸಕ್ಕೆ ಅಡ್ಡಿಯಾಗದಂತೆ ಸ್ಟೀಫನ್ಸ್ ಭೂಮಿಯ ಹಕ್ಕುದಾರನಿಗೆ 50 ಡಾಲರ್ ಕೊಟ್ಟು ಅವಶೇಷಗಳ ಹಕ್ಕನ್ನು ಪಡೆದರು. ಆತನನ್ನು ಒಪ್ಪಿಸಲು ಕೆಸರಾದ ಉಡುಪಿನ ಮೇಲೆಯೇ ರಾಜತಾಂತ್ರಿಕ ಕೋಟನ್ನು ಧರಿಸಿ ಕುಳಿತಿದ್ದ ಪ್ರಸಂಗವನ್ನು ಇವರು ತಮ್ಮ ಪುಸ್ತಕದಲ್ಲಿ ವಿನೋದದಿಂದ ನಿರೂಪಿಸಿದ್ದಾರೆ.

ಪಲೆಂಕೆ ಮತ್ತು ಉಶ್ಮಾಲ್

1840ರ ಮೇ ತಿಂಗಳಿನಲ್ಲಿ ತಂಡವು ಮೆಕ್ಸಿಕೊದ ಪಲೆಂಕೆ ತಲುಪಿತು. ಅರಮನೆಯೆಂದು ಕರೆಯಲಾಗುವ ಪಾಳು ಕಟ್ಟಡದಲ್ಲಿಯೇ ಬಿಡಾರ ಹೂಡಿ, ಮಳೆ ಮತ್ತು ಸೊಳ್ಳೆಗಳ ಕಾಟದ ನಡುವೆ ಕೆಲಸ ಮಾಡಿದರು. ಪಲೆಂಕೆಯನ್ನೂ ಕೊಳ್ಳಬೇಕೆಂಬ ಇಚ್ಛೆ ಸ್ಟೀಫನ್ಸ್ ಅವರಿಗಿತ್ತಾದರೂ, ಮೆಕ್ಸಿಕೊದ ಮಹಿಳೆಯನ್ನು ವಿವಾಹವಾಗದ ವಿದೇಶಿಯರಿಗೆ ಅಲ್ಲಿ ಭೂಮಿ ಕೊಳ್ಳುವ ಅವಕಾಶವಿರಲಿಲ್ಲ. ಮುಂದೆ ಉಶ್ಮಾಲ್‌ನಲ್ಲಿ ಕ್ಯಾಥರ್‌ವುಡ್ ಜ್ವರದಿಂದ ಕುಸಿದಾಗ ಯಾತ್ರೆಯನ್ನು ಮೊಟಕುಗೊಳಿಸಬೇಕಾಯಿತು. 1841ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಪ್ರವಾಸಕಥನವು ಬಹು ಬೇಗ ಹಲವು ಮುದ್ರಣಗಳನ್ನು ಕಂಡಿತು.

ಎರಡನೆಯ ಯಾತ್ರೆ

1841ರ ಅಕ್ಟೋಬರ್‌ನಲ್ಲಿ ಇಬ್ಬರೂ ಮತ್ತೆ ಯುಕಟಾನ್‌ಗೆ ಹೊರಟರು. ವೈದ್ಯ ಹಾಗೂ ಪಕ್ಷಿತಜ್ಞ ಸ್ಯಾಮ್ಯುಯೆಲ್ ಕ್ಯಾಬಟ್ ಜೊತೆಗಿದ್ದರು. ಮೆರಿಡಾ ನಗರದಲ್ಲಿ ಅವರು ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಗಳನ್ನೂ ಮಾಡಿದರು. ಮಲೇರಿಯಾ ಮೂವರನ್ನೂ ಪದೇ ಪದೇ ಕಾಡಿತು. ಆದರೂ ಉಶ್ಮಾಲ್, ಕಬಾಹ್, ಸಾಯಿಲ್, ಲಬ್ನಾ, ಚಿಚೆನ್ ಇಟ್ಜಾ, ತುಲುಮ್ ಸೇರಿದಂತೆ 44 ನೆಲೆಗಳನ್ನು ಇವರು ಸಂದರ್ಶಿಸಿದರು. ಈ ಯಾತ್ರೆಯ ಕಥನ 1843ರಲ್ಲಿ ಹೊರಬಂದಿತು. ಯುಕಟಾನ್‌ನ ವಿದ್ವಾಂಸ ಹುವಾನ್ ಪಿಯೊ ಪೆರೆಸ್ ಅವರು ಮಾಯಾ ಪಂಚಾಂಗ ಕುರಿತು ಬರೆದ ಲೇಖನವನ್ನು ಅದರ ಅನುಬಂಧದಲ್ಲಿ ಸೇರಿಸಲಾಗಿದೆ.

ನಿಲುವು ಮತ್ತು ಮೌಲ್ಯಮಾಪನ

ಅಂದಿನ ಅನೇಕ ಲೇಖಕರು ಈ ನಗರಗಳ ನಿರ್ಮಾಣದ ಕೀರ್ತಿಯನ್ನು ಈಜಿಪ್ಟಿನವರಿಗೋ, ಫಿನೀಷಿಯನ್ನರಿಗೋ, ಇಸ್ರೇಲಿನ ಕಳೆದುಹೋದ ಬುಡಕಟ್ಟುಗಳಿಗೋ ಸಲ್ಲಿಸುತ್ತಿದ್ದರು. ಮೂಲನಿವಾಸಿಗಳಿಗೆ ಅಂತಹ ಸಾಮರ್ಥ್ಯವಿರಲಿಲ್ಲವೆಂಬ ಪೂರ್ವಗ್ರಹ ಇದರ ಹಿಂದಿತ್ತು. ಈಜಿಪ್ಟಿನ ಪಿರಮಿಡ್‌ಗಳು ತಾವೇ ಪೂರ್ಣ ಕಟ್ಟಡಗಳಾದರೆ, ಇಲ್ಲಿನವು ಮೇಲಿನ ಕಟ್ಟಡಗಳಿಗೆ ಪೀಠಗಳಾಗಿವೆ ಎಂಬುದನ್ನು ಸ್ಟೀಫನ್ಸ್ ಗಮನಿಸಿದರು. ಶಿಲ್ಪಶೈಲಿಯೂ ಸ್ವತಂತ್ರವೆಂದು ಕಂಡರು. ಕಲ್ಲಿನ ಮೇಲಿನ ಚಿಹ್ನೆಗಳು ಆ ಜನರ ಇತಿಹಾಸವನ್ನು ಹೇಳುವ ಬರಹವೆಂಬ ಇವರ ಊಹೆಯನ್ನು 20ನೆಯ ಶತಮಾನದ ಲಿಪಿ ಸಂಶೋಧನೆ ಸಮರ್ಥಿಸಿತು. ಆದರೆ ನಗರಗಳ ಪ್ರಾಚೀನತೆಯನ್ನು ಇವರು ಕಡಿಮೆಯಾಗಿ ಅಂದಾಜಿಸಿದ್ದರು.

ಶಿಲ್ಪಗಳನ್ನು ನ್ಯೂಯಾರ್ಕ್‌ಗೆ ಸಾಗಿಸಿ ವಸ್ತುಸಂಗ್ರಹಾಲಯ ಸ್ಥಾಪಿಸುವ ಇವರ ಯೋಜನೆಯನ್ನು ಇಂದು ವಿಮರ್ಶಾತ್ಮಕವಾಗಿ ನೋಡಲಾಗುತ್ತದೆ. ಯುಕಟಾನ್‌ನಿಂದ ತಂದಿದ್ದ ಕೆತ್ತನೆಯ ಮರದ ತೊಲೆಗಳು ಮತ್ತು ಅನೇಕ ಮೂಲ ಚಿತ್ರಗಳು, 1842ರ ಜುಲೈ 31ರಂದು ಕ್ಯಾಥರ್‌ವುಡ್ ಅವರ ಪ್ರದರ್ಶನ ಮಂದಿರಕ್ಕೆ ಬಿದ್ದ ಬೆಂಕಿಯಲ್ಲಿ ನಾಶವಾದವು. ಶತಮಾನಗಳ ಕಾಲ ಕಾಡಿನಲ್ಲಿ ಉಳಿದುಬಂದಿದ್ದ ಮರದ ಕೆತ್ತನೆಗಳು ಮೂಲಸ್ಥಾನದಿಂದ ಕಿತ್ತ ಕೆಲವೇ ತಿಂಗಳುಗಳಲ್ಲಿ ಇಲ್ಲವಾದವು.

ಕೊನೆಯ ವರ್ಷಗಳು

ಮುಂದೆ ಸ್ಟೀಫನ್ಸ್ ಹಬೆ ಹಡಗು ಉದ್ಯಮದಲ್ಲಿ ತೊಡಗಿದರು. ಅನಂತರ ಪನಾಮಾ ರೈಲ್ವೆ ಕಂಪನಿಯ ಸ್ಥಾಪಕರಲ್ಲೊಬ್ಬರಾಗಿ, ಅದರ ಅಧ್ಯಕ್ಷರೂ ಆದರು. ಪನಾಮಾದ ಜೌಗು ಕಾಡಿನಲ್ಲಿ ರೈಲುಮಾರ್ಗದ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದಾಗ ಆರೋಗ್ಯ ಹದಗೆಟ್ಟು, 1852ರ ಅಕ್ಟೋಬರ್ 13ರಂದು 46ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಕ್ಯಾಥರ್‌ವುಡ್ 1854ರಲ್ಲಿ ಆರ್ಕ್ಟಿಕ್ ಹಡಗಿನ ದುರಂತದಲ್ಲಿ ಮೃತಪಟ್ಟರು. ರೈಲುಮಾರ್ಗವು 1855ರಲ್ಲಿ ಪೂರ್ಣಗೊಂಡಿತು.

ಪರಂಪರೆ

ಸ್ಟೀಫನ್ಸ್ ಅವರ ವರ್ಣನೆ ಮತ್ತು ಕ್ಯಾಥರ್‌ವುಡ್ ಅವರ ಚಿತ್ರಗಳು ಮಾಯಾ ಅಧ್ಯಯನದ ಆರಂಭಿಕ ಆಧಾರಗಳೆಂದು ಪರಿಗಣಿತವಾಗಿವೆ. ಮಳೆಗಾಳಿಗೆ ಸವೆದ ಶಿಲ್ಪಗಳ ಹಿಂದಿನ ಸ್ಥಿತಿಯನ್ನು ತಿಳಿಯಲು ಈ ದಾಖಲೆಗಳು ಇಂದಿಗೂ ಉಪಯುಕ್ತವಾಗಿವೆ. ಇವರು ಸಂದರ್ಶಿಸಿದ ನೆಲೆಗಳ ಪೈಕಿ ಕೋಪಾನ್ (1980), ಪಲೆಂಕೆ (1987), ಚಿಚೆನ್ ಇಟ್ಜಾ (1988) ಮತ್ತು ಉಶ್ಮಾಲ್ (1996) ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.